ಚನ್ನಪಟ್ಟಣದ ಮರದ ಬಂಗುಡೆ

ಮಲ್ಪೆಯಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಚನ್ನಪಟ್ಟಣಕ್ಕೆ ಬೆಳಗಿನ ಪ್ಯಾಸೆಂಜರ್ ರೈಲು. ಅರವತ್ತು ಕಿಲೋಮೀಟರಿಗೆ ಟಿಕೆಟ್ಟು ಒಂದು ಕಾಫಿಯ ಬೆಲೆಯಷ್ಟೂ ಇಲ್ಲ. ರಾಮನಗರ ದಾಟುವಾಗ ಬೇಯಿಸಿದ ರೇಷ್ಮೆಹುಳುವಿನ ವಾಸನೆ ಬಂದು, ಎದುರಿಗಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರು. ಇಪ್ಪತ್ತು ವರ್ಷ ಮೀನುಬಂದರಿನಲ್ಲಿ ಕಳೆದ ನನಗೆ ಅದು ಯಾವ ಲೆಕ್ಕ!

ನನ್ನ ಕೆಲಸ ಸಮುದ್ರದ ಮೀನು ಉಳಿಸುವುದು. ಮೊಟ್ಟೆಯಿಡದ ಮರಿಯನ್ನು ಹಿಡಿಯಬೇಡಿ ಎಂದು ಮೀನುಗಾರರಿಗೂ, ಕೊಳ್ಳಬೇಡಿ ಎಂದು ಗಿರಾಕಿಗಳಿಗೂ ಹೇಳಿಕೊಂಡು ತಿರುಗುತ್ತೇನೆ. ನನ್ನನ್ನು ಮೊದಲು ನಂಬಿದವರು ಮಲ್ಪೆಯ ದೋಣಿ ಮಾಲೀಕ ಶೇಖರಣ್ಣ. ಮರಿಗಳನ್ನು ನೀರಿಗೆ ಬಿಡುತ್ತಾರೆಂದೇ ಅವರ ಇಬ್ಬರು ಆಳುಗಳು ಬೇರೆ ದೋಣಿ ಹತ್ತಿದರು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಎರಡು ವರ್ಷದ ಹಿಂದೆ ನಾನು, ಮೊಟ್ಟೆಯಿಡುವಷ್ಟು ಬೆಳೆದ ಬಂಗುಡೆ ಮೀನಿನ ಉದ್ದಕ್ಕೆ, ಮರದ ಬಂಗುಡೆ ಮಾಡಿಸಿದೆ. ಸಿಕ್ಕ ಮೀನು ಅದಕ್ಕಿಂತ ಗಿಡ್ಡವಿದ್ದರೆ ನೀರಿಗೆ, ಇಲ್ಲದಿದ್ದರೆ ಬುಟ್ಟಿಗೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ರಹಮತ್ ಸಾಹೇಬರಿಗೆ ನಕ್ಷೆ ಕಳಿಸಿದ್ದೆ, ಐವತ್ತು ಮೀನು ಪಾರ್ಸೆಲ್ಲಿನಲ್ಲಿ ಬಂದಿದ್ದವು. ಈಗ ಇನ್ನೂರು ಬೇಕಿತ್ತು, ಹಾಗಾಗಿ ನಾನೇ ಹೊರಟೆ.

ಸ್ಟೇಷನ್ ಹೊರಗೆ ತಟ್ಟೆ ಇಡ್ಲಿ ತಿಂದು ನಡೆದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಾರಿಯಲ್ಲಿ ಮೀನಿನಂಗಡಿ, ಐಸಿನ ಮೇಲೆ ಸಣ್ಣ ಸಣ್ಣ ಬಂಗುಡೆ.

"ಎಲ್ಲಿಯ ಮೀನು?" ಎಂದೆ.

"ಮಲ್ಪೆದು ಕಣಕ್ಕ. ಒಸಿ ಎಳೇದು, ಮುಳ್ಳು ಮೆತ್ತಗಿರ್ತದೆ," ಎಂದ ಅಂಗಡಿಯವನು.

ಸಿಟ್ಟು ನೆತ್ತಿಗೇರಿತು. ಚೀಲದಿಂದ ಮರದ ಮೀನು ತೆಗೆದು ಪಕ್ಕಕ್ಕಿಟ್ಟೆ. ಎರಡೂ ಸರಿಸಮ. ನನ್ನ ಅಳತೆಯ ಪ್ರಕಾರ ಅದು ಹಿಡಿಯಬಹುದಾದ ಮೀನು! ಒಂದನ್ನು ಕೊಂಡು ಹೊಟ್ಟೆ ಸೀಳಿಸಿ ನೋಡಿದೆ. ಮೊಟ್ಟೆಯ ಗುರುತೇ ಇಲ್ಲದ ಹಸಿ ಮರಿ. ಅಲ್ಲಿಂದ ಸಾಹೇಬರ ಮನೆಗೆ ಓಡುವವಳಂತೆ ಹೋದೆ.

ಎಪ್ಪತ್ತು ದಾಟಿದ ಸಾಹೇಬರು ಮರ ಕಡೆಯುವ ಲೇತ್ ನಿಲ್ಲಿಸಿ ಎದ್ದುಬಂದರು. ನನ್ನ ನಕ್ಷೆಯನ್ನು ಮಡಿಕೆ ಕೆಡದಂತೆ ಇಟ್ಟಿದ್ದರು. ಅದರ ಮೇಲೆ ಮರದ ಮೀನು ಇಟ್ಟೆವು. ಬಾಲದ ಕಡೆ ಎರಡು ಬೆರಳು ಕಡಿಮೆ.

"ಬಾಲ ಚೂಪಾಗಿತ್ತು ಮೇಡಂ," ಎಂದರು ಸಾಹೇಬರು. "ಮಕ್ಕಳ ಕಣ್ಣಿಗೆ ಚುಚ್ಬುಟ್ರೆ? ಅದುಕ್ಕೇ ಕುಯ್ದು ಗುಂಡಗೆ ಮಾಡ್ದೆ. ನಮ್ಮಪ್ಪನ ಕಾಲದಿಂದ್ಲೂ ನಾವು ಚೂಪಿರೋ ಮಾಲು ಕಳ್ಸೋದಿಲ್ಲ."

"ಇದು ಮಕ್ಕಳಿಗಲ್ಲ ಸಾಹೇಬರೇ, ಅಳತೆಗೆ."

"ನೀವು ಹೇಳ್ಲೇ ಇಲ್ವಲ್ಲ ಮೇಡಂ."

ಹೇಳಿರಲಿಲ್ಲ. ಐವತ್ತು ಮರದ ಮೀನು ಬೇಕು ಎಂದಷ್ಟೇ ಬರೆದಿದ್ದೆ. ಬಂದ ಮೇಲಾದರೂ ಒಂದಕ್ಕೆ ಸ್ಕೇಲು ಹಿಡಿಯಲಿಲ್ಲ. ಬಣ್ಣ ಚೆನ್ನಾಗಿದೆ ಎಂದು ಹಿಗ್ಗಿ ಹಂಚಿಬಿಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಾಹೇಬರು ಅಲ್ಲೇ ಕೂತು, ಬಾಲವನ್ನು ಪೂರ್ತಿ ಉಳಿಸಿ, ಹೊಸದೊಂದು ಮಾಡಿಕೊಟ್ಟರು. ಅದರ ಕೂಲಿ ಮುಟ್ಟಲಿಲ್ಲ, ಇನ್ನೂರನ್ನೂ ಅದೇ ಉದ್ದಕ್ಕೆ ಮಾಡಿ ಕಳಿಸುತ್ತೇನೆ ಎಂದರು.

ಮಧ್ಯಾಹ್ನ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಶೇಖರಣ್ಣನಿಗೆ ಫೋನು ಮಾಡಿದೆ. ಮರದ ಮೀನು ಗಿಡ್ಡವಾಗಿದೆ, ಎರಡು ವರ್ಷದಿಂದ ನೀವೆಲ್ಲ ಬುಟ್ಟಿಗೆ ಹಾಕಿದ್ದರಲ್ಲಿ ಮರಿಗಳೂ ಇದ್ದವು, ತಪ್ಪು ನನ್ನದು ಎಂದೆ.

"ಅದು ಗಿಡ್ಡ ಅಂತ ನನ್ನ ಕೈಗೆ ಮೊದಲ ದಿನವೇ ಗೊತ್ತಾಗಿತ್ತು ಅಕ್ಕ," ಎಂದರು ಶೇಖರಣ್ಣ. "ಅಷ್ಟು ಸಣ್ಣದನ್ನು ಮೊದಲೆಲ್ಲ ನಾನು ನೀರಿಗೇ ಬಿಡ್ತಿದ್ದೆ. ನೀವು ಓದಿದವರು, ನಿಮ್ಮದೇ ಸರಿ ಇರಬಹುದು ಅಂತ ಬುಟ್ಟಿಗೆ ಹಾಕಿದೆ."