ನಮ್ಮ ಹುಳು ಉಳಿಸಿದ ಎಸಿ ಮೇಸ್ತ್ರಿ

ಎಸಿ ಮೇಸ್ತ್ರಿ ಯಾವ ಬಣ್ಣದ ಅಂಗಿ ಹಾಕಲಿ, ಹೊಟ್ಟೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಇದ್ದೇ ಇರುತ್ತಿತ್ತು. ಬಾನೆಟ್ ಎತ್ತಿ ಒಳಗೆ ಬಗ್ಗಿದರೆ ಆ ದೊಡ್ಡ ಹೊಟ್ಟೆ ಮೊದಲು ಕಾರಿಗೆ ತಾಗುತ್ತಿತ್ತು, ಕೈ ಆಮೇಲೆ. ಹೆಂಡತಿ ಎಷ್ಟು ಉಜ್ಜಿದರೂ ಆ ಮಸಿ ಬಿಡುತ್ತಿರಲಿಲ್ಲವಂತೆ. ದೂರದಿಂದ ನೋಡಿದವರಿಗೆ ಅಂಗಿಯ ಮೇಲೆಯೇ ಉಡಿದಾರ ಕಟ್ಟಿಕೊಂಡ ಹಾಗೆ ಕಾಣುತ್ತಿತ್ತು.

ಶ್ರೀನಿವಾಸಪುರದಲ್ಲಿ ಕೋಲಾರದ ರಸ್ತೆಗೆ ಒಂದು ಹೊಂಗೆ ಮರ, ಅದರ ಕೆಳಗೆ ಅವನ ಶೆಡ್ಡು. ಒಳ್ಳೆಯ ಮನುಷ್ಯ ಎಂದು ಮೊದಲೇ ಬರೆದರೆ ಸುಳ್ಳಾಗುತ್ತದೆ. ಬಾಯಿ ಜೋರು, ಜಂಬ ಅದಕ್ಕಿಂತ ಜೋರು. ಕೆಲಸದ ಮಾತು ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಟೀ ಯಾರು ತರಿಸಿದರೂ ಮೊದಲ ಲೋಟ ಅವನದು. "ನಾನ್ ಕೈಯಿಟ್ಟ ಗಾಡಿ ವಾಪಸ್ ಬರಲ್ಲಕ್ಕಾ. ಬಂದ್ರೆ ಓನರ್ ತಲೆ ಕೆಟ್ಟಿರ್ಬೇಕು, ಅಷ್ಟೇ" ಎನ್ನುತ್ತಿದ್ದ.

ಒಂದು ಗುಣ ಮಾತ್ರ ನನಗೆ ಹಿಡಿಸಿತ್ತು. ಗಾಡಿ ತಂದವರು ಇಂಥದ್ದು ಕೆಟ್ಟಿದೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಕಾಯಿಲೆ ಹೆಸರು ನೀವ್ ಹೇಳ್ಬೇಡಿ. ನೋವೆಲ್ಲಿ, ಯಾವಾಗ, ಅಷ್ಟು ಹೇಳಿ ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದ. ನಮ್ಮೂರಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ಮುದುಕಿಯೂ ಹಾಗೆಯೇ ಕೇಳುತ್ತಿದ್ದಳು.

ನಮ್ಮದು ರಾಯಲ್ಪಾಡಿನ ಕಡೆಯ ಹಳ್ಳಿ. ಮಗಳು ಗಂಡ ಸತ್ತ ಮೇಲೆ ತವರಿಗೆ ಬಂದು, ರೇಷ್ಮೆ ಸಾಕುತ್ತೇನೆಂದು ಹಟ ಹಿಡಿದು ಹಿಪ್ಪುನೇರಳೆ ನೆಟ್ಟಳು. ಮೊದಲ ಸಲ ಮರಿಹುಳುಗಳನ್ನು ಗೂಡ್ಸ್ ಆಟೋದಲ್ಲಿ ತಂದಳು. ದಾರಿಯ ಬಿಸಿಲಿಗೆ ಅವು ಬಾಡಿದವು, ಬೆಳೆ ಹೋಯಿತು. "ಇನ್ನೊಂದು ಸಲ ಹೋದ್ರೆ ಹಿಪ್ಪುನೇರಳೆ ಕಡ್ಡಿ ಎಲ್ಲಾ ಕಿತ್ತು ಟೊಮೆಟೊ ಹಾಕ್ತೀನಿ" ಎಂದ ನನ್ನ ಮಗ. ಹೊಲ ಉಳುವವನು ಅವನು. ಹೇಳಿದರೆ ಮಾಡುವವನೇ.

ಅದಕ್ಕೇ ಎರಡನೆಯ ಸಲ ನಮ್ಮ ಹಳೇ ಕಾರಿನಲ್ಲಿ, ಎಸಿ ಹಾಕಿಕೊಂಡು ತರುವುದೆಂದಾಯಿತು. ಎಸಿ ಕೆಟ್ಟಿತ್ತು. ಹಿಂದಿನ ದಿನ ಮೇಸ್ತ್ರಿಯ ಹತ್ತಿರ ಬಿಟ್ಟೆವು. ಸಂಜೆಗೆ ಮುಗಿಸಿ, ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಿಟ್ಟು, "ನೋಡಕ್ಕಾ, ಊಟಿ!" ಎಂದ.

ಊರಿಗೆ ಹೋಗುವಾಗ ದಾರಿಯಲ್ಲಿ ಹುರುಳಿ ಹಾಸಿದ್ದರು. ನಮ್ಮ ಕಡೆ ತಾರು ರಸ್ತೆಯೇ ಕಣ. ಕೊಯ್ದ ಬಳ್ಳಿಯನ್ನು ರಸ್ತೆಗೆ ಹರಡಿದರೆ ಬಸ್ಸು, ಲಾರಿ, ಕಾರು ತುಳಿದು ಕಾಳು ಉದುರಿಸಿಕೊಡುತ್ತವೆ. ಪಕ್ಕಕ್ಕೆ ತಿರುಗಿಸಿಕೊಂಡು ಹೋದರೆ ಇವರಿಗೆ ಕೊಬ್ಬು ಎನ್ನುತ್ತಾರೆ. ಪಕ್ಕದ ಹೊಲದವನು ಕೈಯಡ್ಡ ಹಾಕಿ, "ಒಂದೇ ಸಲ ಹೋದ್ರೆ ಹೆಂಗಮ್ಮಾ, ತಿರುಗಿಸ್ಕೊಂಡು ಇನ್ನೊಂದ್ ರೌಂಡ್ ಹಾಕು" ಎಂದ. ಮಗಳು ಹಾಕಿದಳು.

ಮಾರನೆಯ ಬೆಳಿಗ್ಗೆ ತಂಪಿನಲ್ಲೇ ಮಾಲೂರಿನ ಕಡೆಯ ಚಾಕಿ ಕೇಂದ್ರಕ್ಕೆ ಹೋದೆವು. ಚಾಕಿ ಹುಳುವೆಂದರೆ ಎರಡು ಜ್ವರ ದಾಟಿದ ರೇಷ್ಮೆ ಮರಿ. ಹುಳು ಮೇವು ಬಿಟ್ಟು ಚರ್ಮ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಅವತ್ತು ಹುಳು ಜ್ವರದಿಂದ ಏಳುವುದೇ ತಡವಾಯಿತು. ಹುಳುವಿನ ತಟ್ಟೆಗಳನ್ನು ಹಿಂದಿನ ಸೀಟಿಗೆ ಜೋಡಿಸಿಕೊಂಡು ಹೊರಟಾಗ ಬಿಸಿಲು ಏರಿತ್ತು. ಕೋಲಾರ ದಾಟುವವರೆಗೂ ಎಸಿ ತಣ್ಣಗೇ ಬಂತು. ಶ್ರೀನಿವಾಸಪುರದ ಹತ್ತಿರ ರೈಲ್ವೆ ಗೇಟು ಹಾಕಿದ್ದರು. ಅಲ್ಲಿ ನಿಂತೆವು ನೋಡಿ, ಬಿಸಿಗಾಳಿ ಶುರುವಾಯಿತು.

"ಅಮ್ಮಾ, ಹೋಯ್ತು" ಎಂದಳು ಮಗಳು.

"ಹೋಗಿಲ್ಲ. ಮೇಸ್ತ್ರಿ ಹತ್ರ ನಡಿ."

ಶೆಡ್ಡಿನ ಮುಂದೆ ಕಾರು ನಿಂತದ್ದೇ ಗಾಜು ಒಂದಿಷ್ಟು ಇಳಿಸಿ ಬಾಯಿ ಬಿಟ್ಟೆ. "ಏನಯ್ಯಾ, ನಿನ್ನ ಊಟಿ ಒಂದೇ ದಿನಕ್ಕೆ ಮುಗಿದುಹೋಯ್ತಾ?"

"ಸ್ವಿಚ್ಚು ಆಫ್ ಮಾಡಿರ್ತೀರ, ಇರಿ" ಎಂದು ಬೀಡಿ ಸೇದುತ್ತಲೇ ಬಂದು ಬಾಗಿಲಿಗೆ ಕೈ ಹಾಕಿದ.

"ಮುಟ್ಬೇಡ! ಹುಳು ಇದೆ."

ರೇಷ್ಮೆ ಸಾಕುವವರಿಗೆ ಗೊತ್ತು, ಹುಳುವಿಗೆ ತಂಬಾಕೆಂದರೆ ವಿಷ. ಸೇದುವವರನ್ನು ಹುಳುಮನೆಯ ಹೊಸಿಲು ದಾಟಿಸುವುದಿಲ್ಲ.

"ಬೀಡಿ ಎಸೆದೆ ತಗೊಳ್ಳಕ್ಕಾ."

"ಕೈ ಎಸೀತೀಯಾ?"

ಅವನು ಕೈ ನೋಡಿಕೊಂಡ. "ಒಳಗೆ ಕೈ ಇಡ್ದೆ ಎಸಿ ಹೆಂಗೆ ನೋಡ್ಲಿ?"

"ಕೈ ನಂದು, ತಲೆ ನಿಂದು. ಹೇಳು, ಮಾಡ್ತೀನಿ."

ಬಾಡಿಗೆ ಕಾರಿನ ಡ್ರೈವರ್‌ಗಳು ಸುತ್ತ ಸೇರಿದರು. "ಗ್ಯಾಸ್ ಹೋಗಿರುತ್ತೆ ಮೇಸ್ತ್ರಿ, ತುಂಬಿಸಿ ಕಳ್ಸು" ಎಂದ ಒಬ್ಬ.

"ಏನ್ಲಾ, ನಿಮ್ ತಾತನ ಬಲೂನಾ ಇದು, ಊದ್ತಾನೇ ಇರಕ್ಕೆ? ನಾನ್ ಹಾಕಿದ್ ಗ್ಯಾಸ್ ಎಲ್ಲೂ ಹೋಗಲ್ಲ." ನನ್ನ ಕಡೆ ತಿರುಗಿದ. "ಅಕ್ಕಾ, ಓಡ್ತಿದ್ದಾಗ ಹೆಂಗಿತ್ತು? ನಿಂತಾಗ ಹೆಂಗಾಯ್ತು? ಬೈಯೋದು ಆಮೇಲೆ ಬೈಯಿರಂತೆ."

ಓಡುವಾಗ ತಣ್ಣಗೆ, ಗೇಟಿನಲ್ಲಿ ಬಿಸಿ ಎಂದೆ. ಅವನಿಗೆ ನನ್ನ ಮಾತು ಸಾಲಲಿಲ್ಲ. ಗಾಜು ಪೂರ್ತಿ ಮುಚ್ಚಿಸಿ, ಗಾಳಿ ಬರುವ ಕಿಂಡಿಗೆ ನನ್ನ ಅಂಗೈ ಒಡ್ಡಿಸಿ, ಪೆಟ್ರೋಲ್ ಬಂಕಿನವರೆಗೆ ಜೋರಾಗಿ ಹೋಗಿ ಬನ್ನಿ ಎಂದ. ತಣ್ಣಗಾದರೆ ಕೈ ಮೇಲೆ, ಬಿಸಿಯಾದರೆ ಕೆಳಗೆ ಎಂದು ಗುರುತು ಹೇಳಿಕೊಟ್ಟ. ಬರುವಾಗ ನನ್ನ ಕೈ ಮೇಲಿತ್ತು. ಶೆಡ್ಡಿನ ಮುಂದೆ ನಿಂತು ಸ್ವಲ್ಪ ಹೊತ್ತಿಗೆ ಕೆಳಗೆ ಬಂತು.

"ಗ್ಯಾಸ್ ಇದೆ!" ಎಂದು ಡ್ರೈವರ್‌ಗಳ ಕಡೆ ನೋಡಿ ಮೀಸೆ ತಿರುವಿದ. ಅಷ್ಟರಲ್ಲೂ ಜಂಬ. "ಗಾಡಿ ಓಡ್ತಿದ್ರೆ ಮುಂದ್ಗಡೆಯಿಂದ ಗಾಳಿ ಹೊಡೆದು ಎಸಿ ಜಾಲರಿನ ತಂಪು ಮಾಡುತ್ತೆ. ನಿಂತ್ರೆ ಆ ಕೆಲ್ಸ ಫ್ಯಾನ್‌ದು. ಫ್ಯಾನ್ ತಿರುಗ್ತಿಲ್ಲ."

ಪಕ್ಕದ ಶೆಡ್ಡಿನಲ್ಲಿ ಯಾವುದೋ ಕಾರಿಗೆ ಪೇಂಟ್ ಹೊಡೆಯುತ್ತಿದ್ದರು, ಹುಳುವಿಗಾಗದ ಆ ವಾಸನೆ ಇತ್ತಲೇ ಬರುತ್ತಿತ್ತು. "ನಿಲ್ಸ್ರೋ! ಒಳಗೆ ಬಾಣಂತಿ ಇದ್ದಾಳೆ ಅಂದ್ಕೊಳ್ಳಿ!" ಎಂದು ಗದರಿದ. ಪೇಂಟು ನಿಂತಿತು. ಮಗಳು ಮಾತ್ರ ಹಿಂದೆ ತಿರುಗಿ ತಿರುಗಿ ತಟ್ಟೆಗಳನ್ನೇ ನೋಡುತ್ತಿದ್ದಳು. ಮರಿಗಳು ಎಲೆ ಕಡಿಯುವುದನ್ನು ಬಿಟ್ಟಿದ್ದವು.

ಮೇಸ್ತ್ರಿ ಬಾನೆಟ್ ಎತ್ತಿ ಫ್ಯಾನಿನ ಫ್ಯೂಸ್ ಬದಲಾಯಿಸಿದ. ಹಾಕಿದ್ದೇ ತಡ ಸುಟ್ಟುಹೋಯಿತು. ಇನ್ನೊಂದು ಹಾಕಲಿಲ್ಲ. "ಫ್ಯೂಸ್ ಸುಮ್ನೆ ಸುಡಲ್ಲ. ಫ್ಯಾನ್‌ನ ಏನೋ ಹಿಡ್ಕೊಂಡಿದೆ" ಎಂದು ಇಂಜಿನ್ ಆರಿಸಲು ಹೇಳಿ, ಆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಕಾರಿನ ಕೆಳಗೆ ತೂರಿದ. ಕಾಲು ಮಾತ್ರ ಹೊರಗಿತ್ತು. ಒಳಗಿನಿಂದ ಹುರುಳಿ ಬಳ್ಳಿ ಬಂತು. ಎಳೆದಷ್ಟೂ ಬಂತು, ಜಡೆ ಹೆಣೆದ ಹಾಗೆ ಸುತ್ತಿಕೊಂಡು.

ಡ್ರೈವರ್‌ಗಳು ನಕ್ಕರು. "ಕಾರಲ್ಲಿ ಒಕ್ಕಣೆ ಮಾಡ್ಸಿದ್ದೀಯಾ ಅಜ್ಜಿ? ಮೇಸ್ತ್ರಿ, ತಪ್ಪು ನಿಂದಲ್ಲ ಬಿಡು. ಇವರ್ದೇ."

ಆ ಮಾತಿಗೆ ಮೇಸ್ತ್ರಿ ಹೂಂ ಎಂದಿದ್ದರೆ ಮುಗಿದಿತ್ತು. ನನಗೇನು ಗೊತ್ತಾಗುತ್ತಿತ್ತು? ನಾವೇ ಕೆಡಿಸಿಕೊಂಡೆವೆಂದು ಮನೆಗೆ ಹೋಗಿ ಮಗನಿಂದ ಬೈಸಿಕೊಳ್ಳುತ್ತಿದ್ದೆವು. ಮೇಸ್ತ್ರಿ ಕೆಳಗಿನಿಂದ ಎದ್ದ. ಶೆಡ್ಡಿನ ಮೂಲೆಗೆ ಹೋಗಿ ಒಂದು ದೊಡ್ಡ ಪ್ಲಾಸ್ಟಿಕ್ ಹಲಗೆ ತಂದು, ನಮ್ಮ ಬಾನೆಟ್ ಮುಚ್ಚಿ ಅದರ ಮೇಲೆ ದಡ್ ಎಂದು ಇಟ್ಟ.

"ಇದು ಈ ಗಾಡಿದೇ. ಇಂಜಿನ್ ಕೆಳಗೆ ಇರ್ಬೇಕಾದ್ದು. ಕಸ ಕಡ್ಡಿ ಮೇಲೆ ಬರ್ದಂಗೆ ತಡೆಯೋದು ಇದೇ. ನಿನ್ನೆ ಬಿಚ್ಚಿದೋನು ನಾನು. ಕ್ಲಿಪ್ ಮುರಿದಿತ್ತು, ಆಮೇಲೆ ಹಾಕಣ ಅಂತ ಮೂಲೆಗಿಟ್ಟೆ. ಈ ಕಡೆ ರೋಡಲ್ಲಿ ಈಗ ಹುರುಳಿ ಬಿಟ್ರೆ ಇನ್ನೇನಿರುತ್ತೆ? ಅದು ಗೊತ್ತಿದ್ದೂ ಬಿಟ್ಟೆ. ತಪ್ಪು ನಂದೇ. ಎಲ್ರಿಗೂ ಕೇಳಿಸ್ತಾ? ನಂದೇ!"

ಜಂಬ ಕೊಚ್ಚುವುದಕ್ಕಿಂತ ಜೋರಾಗಿಯೇ ಹೇಳಿದ. ಎದುರಿನ ಹೋಟೆಲಿನವನು ಹೊರಗೆ ಬಂದು ನೋಡಿದ.

ಫ್ಯಾನು ಬಿಡಿಸಿ, ಹಲಗೆಯನ್ನು ತಂತಿಯಲ್ಲಿ ಬಿಗಿದು, ಹೊಸ ಫ್ಯೂಸ್ ಹಾಕಿದ. ಇಂಜಿನ್ ಶುರುಮಾಡಿ ಎಸಿ ಹಾಕಿದಾಗ ಫ್ಯಾನು ಗಿರ್ರೆಂದಿತು. ನನ್ನ ಅಂಗೈಗೆ ಮೊದಲು ಬಿಸಿ, ಆಮೇಲೆ ಬೆಚ್ಚಗೆ, ಆಮೇಲೆ ತಣ್ಣಗೆ. ಕಾರು ನಿಂತಲ್ಲೇ ನಿಂತಿತ್ತು. ಕೈ ಮೇಲೆತ್ತಿದೆ. ಹೊರಗೆ ಡ್ರೈವರ್‌ಗಳು ಶಿಳ್ಳೆ ಹಾಕಿದರು. ಮಗಳು ಸ್ಟೀರಿಂಗಿಗೆ ತಲೆಯಾನಿಸಿದಳು.

"ಅಳೋದಿದ್ರೆ ಮನೇಲಿ ಅಳು. ಗೇರ್ ಹಾಕು" ಎಂದೆ.

ಆ ಹುಳುಗಳು ಬದುಕಿದವು. ಮನೆ ಸೇರಿ ಎಳೆಸೊಪ್ಪು ಹಾಕಿದಾಗ ತಲೆಯೆತ್ತಿ ತಿನ್ನತೊಡಗಿದವು. ದೊಡ್ಡವಾದ ಮೇಲೆ ರಾತ್ರಿ ಹುಳುಮನೆಯಲ್ಲಿ ಮಳೆ ಬಂದ ಹಾಗೆ ಎಲೆ ಕಡಿಯುವ ಸದ್ದು. ಗೂಡು ಕಟ್ಟಿದಾಗ ಚಂದ್ರಿಕೆಯ ಬಿದಿರು ತಟ್ಟಿಯೇ ಕಾಣದಷ್ಟು ತುಂಬಿತ್ತು. ಟೊಮೆಟೊ ಹಾಕುತ್ತೇನೆಂದಿದ್ದ ಮಗ ತಾನೇ ಮಾರ್ಕೆಟ್ಟಿಗೆ ಗೂಡು ಹೊತ್ತ. ಮರುವರ್ಷ ಇನ್ನೊಂದು ತುಂಡು ಹೊಲಕ್ಕೂ ಹಿಪ್ಪುನೇರಳೆ ಅವನೇ ನೆಟ್ಟ. ಅಕ್ಕನಿಗೆ ಒಂದು ಮಾತು ಹೇಳಲಿಲ್ಲ. ನೆಟ್ಟಿದ್ದೇ ಮಾತು.

ಮೇಸ್ತ್ರಿ ಹೋದ ವರ್ಷ ಮಾವಿನ ಸುಗ್ಗಿಯಲ್ಲಿ ತೀರಿಕೊಂಡ. ಎದೆ ಹಿಡಿದುಕೊಂಡು ಶೆಡ್ಡಿನಲ್ಲೇ ಕೂತನಂತೆ, ಏಳಲಿಲ್ಲ. ಸಾವಿನ ಮನೆಗಳಿಗೆ ನಾನು ಹೆಚ್ಚು ಹೋಗುವವಳಲ್ಲ. ಅಲ್ಲಿಗೆ ಮಗಳನ್ನು ಕರೆದುಕೊಂಡು ಹೋದೆ. ಅವನ ಹೆಂಡತಿಗೆ ನಮ್ಮ ಗುರುತಿರಲಿಲ್ಲ. ಎಸಿ ಕೆಟ್ಟ ಕಾರಿನಲ್ಲಿ ಹುಳು ತಂದವರು ಎಂದೆ.

ಅತ್ತು ಊದಿದ ಮುಖ ಒಂದಿಷ್ಟು ಅರಳಿತು. "ಓ, ಹುರುಳಿ ಕಾರಿನ ಅಕ್ಕನಾ? ನಿಮ್ ಕತೆ ಹೇಳ್ದೆ ಒಂದ್ ಟೀನೂ ಕುಡೀತಿರ್ಲಿಲ್ಲ ಇವ್ರು. ಬಂದೋರಿಗೆಲ್ಲಾ ಅದೇ. 'ತಪ್ಪು ನಂದೇ ಅಂತ ಬೀದಿಗೆಲ್ಲಾ ಕೇಳಂಗೆ ಹೇಳಿದೋನು ಈ ತಾಲೂಕಲ್ಲಿ ನಾನೊಬ್ನೇ ಕಣೋ, ಇನ್ನೊಬ್ನ ತೋರ್ಸು ನೋಡಣ' ಅಂತ ಎದೆ ತಟ್ಕೊಂಡು ಹೇಳೋರು."

ಮಗಳು ನನ್ನ ಮುಖ ನೋಡಿದಳು. ಹೆಣದ ಮುಂದೆ ನಗಬಾರದು. ನಾವು ಮೂವರು ಹೆಂಗಸರೂ ನಕ್ಕೆವು.

ತೋರಿಸಲು ಇನ್ನೊಬ್ಬ ಇವತ್ತಿಗೂ ನನಗೆ ಸಿಕ್ಕಿಲ್ಲ.