ಎಡಗೈಗೆ ಕಟ್ಟಿದ ದಾರ

ಜಪಾನಿ ಭಾಷೆಯಲ್ಲಿ ಎಡಕ್ಕೆ ‘ಹಿದಾರಿ’ ಅನ್ನುತ್ತಾರೆ, ಬಲಕ್ಕೆ ‘ಮಿಗಿ’. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನಾನು ಮಂಡ್ಯದ ಕಡೆಯವನು. ನಮ್ಮ ಕಡೆ ಹಕಾರ ನಾಲಿಗೆಗೆ ಹತ್ತುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಮೈಸೂರಿನವಳಾದ ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಇದನ್ನೇ ಹಿಡಿದುಕೊಂಡು ನನ್ನನ್ನು ಗೋಳು ಹೊಯ್ದುಕೊಂಡಿದ್ದಳು. ಹೇಗೋ ನಾಲಿಗೆ ತಿದ್ದಿಕೊಂಡೆ. ಕಿವಿ ತಿದ್ದಿಕೊಂಡಿಲ್ಲ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಲಾರಿ ಕಲಿಸುವ ಶಾಲೆಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಾಗ. ಪಕ್ಕದಲ್ಲಿ ಕೂತ ಮೇಷ್ಟ್ರು ‘ಹಿದಾರಿ’ ಅಂದರೆ ನನಗೆ ‘ಈ ದಾರಿ’ ಅಂತ ಕೇಳುತ್ತಿತ್ತು. ಈ ದಾರಿ ಅಂದಮೇಲೆ ಇನ್ನೇನು, ಇದ್ದ ದಾರಿಯಲ್ಲೇ ನೆಟ್ಟಗೆ ಹೋಗುತ್ತಿದ್ದೆ.

ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅವರು ಅದನ್ನು ಒತ್ತಿದಾಗ ಲಾರಿ ಮುಗ್ಗರಿಸಿ ನಿಲ್ಲುತ್ತಿತ್ತು. ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೂ ಒಂದಿಷ್ಟು ಸಿಟ್ಟು ಮಾಡಿಕೊಳ್ಳಲು ಆಗುತ್ತಿತ್ತು. ಕೈಗವಸು ಹಾಕಿದ ಎಡಗೈಯನ್ನು ನನ್ನ ಮುಖದ ಮುಂದೆ ಎತ್ತಿ, ಮಗುವಿಗೆ ಹೇಳಿದ ಹಾಗೆ ‘ಹಿ-ದಾ-ರಿ’ ಎಂದು ಬಿಡಿಸಿ ಹೇಳುತ್ತಿದ್ದರು. ಹಿಂದಿನ ಲಾರಿಗಳಲ್ಲಿದ್ದ ಇಪ್ಪತ್ತರ ಹುಡುಗರೆಲ್ಲ ನಾನು ಜಾಗ ಬಿಡುವುದನ್ನೇ ಕಾಯುತ್ತಿದ್ದರು.

ನಾನು ಜಪಾನಿಗೆ ಬಂದದ್ದು ಲಾರಿ ಓಡಿಸುವುದಕ್ಕಲ್ಲ. ಹನ್ನೆರಡು ವರ್ಷ ಇಚಿಕಾವಾದ ಮನೆಯಿಂದ ಕಾವಾಸಾಕಿಯ ಆಫೀಸಿಗೆ ರೈಲಿನಲ್ಲಿ ನಿಂತುಕೊಂಡು ಓಡಾಡಿದೆ. ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಕ್ಷಮೆ ಕೇಳಲು ‘ಸುಮಿಮಾಸೆನ್’, ಥ್ಯಾಂಕ್ಸ್ ಹೇಳಲು ‘ಅರಿಗಾತೋ’ ಎಂಬ ಎರಡು ಮಾತು ಇಟ್ಟುಕೊಂಡು ಈ ದೇಶದಲ್ಲಿ ಸಂಸಾರ ಮಾಡಿದೆ, ಅದನ್ನೊಂದು ಜಾಣತನ ಎಂದೇ ತಿಳಿದಿದ್ದೆ. ಪ್ರಾಜೆಕ್ಟ್ ಮುಗಿಯಿತು, ನನ್ನನ್ನೂ ಮುಗಿಸಿದರು. ಆಮೇಲೆ ಹೋದ ಕಡೆಯಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು ಜಪಾನಿ ಎಷ್ಟು ಬರುತ್ತದೆ ಎಂದು. ಊರಿಗೆ ಹೋಗೋಣವೆಂದರೆ ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಒಂದು ಅಕ್ಷರ ಓದಲು ಬರುವುದಿಲ್ಲ. ಊರಿನಲ್ಲಿ ನನ್ನ ವಯಸ್ಸಿನವನಿಗೆ ಕೆಲಸ ಇಟ್ಟುಕೊಂಡು ಕಾಯುತ್ತಿರುವವರೂ ಯಾರೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಆಗ ಸಾಮಾನು ಸಾಗಿಸುವ ಒಂದು ಸಣ್ಣ ಕಂಪನಿಯವರು, ಡ್ರೈವರುಗಳೇ ಸಿಗುತ್ತಿಲ್ಲ, ಲಾರಿ ಲೈಸೆನ್ಸ್ ತಂದರೆ ತೆಗೆದುಕೊಳ್ಳುತ್ತೇವೆ ಎಂದರು. ಕಾರಿನ ಲೈಸೆನ್ಸ್ ಹೇಗೂ ಇತ್ತು. ನಮ್ಮಲ್ಲೂ ಎಡಗಡೆ ಓಡಿಸುವುದು, ಇಲ್ಲೂ ಎಡಗಡೆ. ಏನು ಮಹಾ ಎಂದುಕೊಂಡು ಸೇರಿದೆ.

ಮನೆ ನಡೆಯಬೇಕಲ್ಲ, ಹೆಂಡತಿ ಕೆಲಸಕ್ಕೆ ಹೊರಟಳು. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಿಗೆ ಊಟದ ಡಬ್ಬಿ ತುಂಬಿಸುವ ಕಾರ್ಖಾನೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವಳನ್ನು ಅನ್ನದ ಮೇಲೆ ಮೀನಿನ ತುಂಡು ಇಡುವ ಸಾಲಿನಲ್ಲಿ ನಿಲ್ಲಿಸಿದರು. ಊಟ ಕೆಡಬಾರದೆಂದು ಆ ಕೋಣೆಯನ್ನು ತಣ್ಣಗೆ ಇಟ್ಟಿರುತ್ತಾರೆ. ಬಳೆ, ಉಂಗುರ, ತಾಳಿ ಯಾವುದೂ ಮೈಮೇಲೆ ಇರಬಾರದು. ಬೆಳಗ್ಗೆ ಹೊರಡುವ ಮುಂಚೆ ತಾಳಿ ಬಿಚ್ಚಿ ದೇವರ ಗೂಡಿನ ಬೆಳ್ಳಿ ಬಟ್ಟಲಲ್ಲಿ ಇಟ್ಟು ಹೋಗುತ್ತಿದ್ದಳು. ನಾನು ಆ ಕಡೆ ನೋಡದೆ ಕಾಫಿ ಕುಡಿಯುವುದನ್ನು ಕಲಿತೆ.

‘ಈ ದಾರಿ’ಯ ಕಥೆ ಹೇಳಿದ ದಿನ ಅವಳು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ಮಗಳು ಮಾತ್ರ ನಗಲಿಲ್ಲ. ‘ಅಪ್ಪಾ, ಇಟ್ಸ್ ಸೋ ಈಸಿ. ಹಿದಾರಿ ಅಂದ್ರೆ ಲೆಫ್ಟ್’ ಅಂದಳು. ಹೆಂಡತಿ ಪೂಜೆಗೆ ಇಟ್ಟಿದ್ದ ಅರಿಶಿನದ ದಾರ ತಂದು ನನ್ನ ಎಡಗೈ ಹಿಡಿದಳು.

‘ಗಂಡಸರಿಗೆ ಎಡಗೈಗೆ ಕಟ್ತಾರೇನೇ? ಬಲಗೈಗೆ ಕಟ್ಟು.’

‘ದೇವರಿಗಲ್ಲ ರೀ ಕಟ್ತಿರೋದು, ಲಾರಿಗೆ. ಹಿದಾರಿ ಅಂದ್ರೆ ದಾರ ಇರೋ ಕಡೆ. ಈಗಲಾದ್ರೂ ನೆನಪಿರುತ್ತಾ ಗೌಡ್ರಿಗೆ?’

ಮೂರು ಗಂಟು ಹಾಕಿದಳು. ಮೂರು ಗಂಟು ಹಾಕುವುದು ನನ್ನ ಪಾಲಿನ ಕೆಲಸವಾಗಿತ್ತು, ಅದನ್ನೂ ನೀನೇ ತೆಗೆದುಕೊಂಡೆಯಾ ಎಂದು ನಾನೂ ತಮಾಷೆ ಮಾಡಿದೆ. ಅದು ನಾವು ಮನಸಾರೆ ನಕ್ಕ ಕೊನೆಯ ಸಂಜೆ ಇರಬೇಕು.

ದಾರ ಕೆಲಸ ಮಾಡಿತು, ಆದರೆ ನಿಧಾನವಾಗಿ. ಮಾತು ಕೇಳಿ, ಕೈ ನೋಡಿ, ತಿರುಗಿಸುವಷ್ಟರಲ್ಲಿ ತಿರುವು ಹಿಂದೆ ಉಳಿದಿರುತ್ತಿತ್ತು. ಶಾಲೆಯ ಮೈದಾನದೊಳಗೆ ನಡೆಯುವ ಮೊದಲ ಪರೀಕ್ಷೆಯಲ್ಲಿ ಹಾಗೇ ಆಯಿತು. ಗಾಬರಿಯಾಗಿ ಥಟ್ಟನೆ ಎಡಕ್ಕೆ ಎಳೆದೆ, ಲಾರಿಯ ಹಿಂಚಕ್ರ ಅಂಚಿನ ಕಲ್ಲು ಹತ್ತಿತು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮೇಷ್ಟ್ರು ಆಮೇಲೆ ಸಮಾಧಾನವಾಗಿ ಹೇಳಿದ್ದು ನನಗೆ ಎರಡು ಸಲ ಹೇಳಿಸಿಕೊಂಡ ಮೇಲೆ ಅರ್ಥವಾಯಿತು: ದಾರಿ ತಪ್ಪಿದರೆ ಅಂಕ ಕಳೆಯುವುದಿಲ್ಲ. ತಪ್ಪಿದ ದಾರಿಯಲ್ಲೇ ಸುಮ್ಮನೆ ಹೋಗಿ. ನಾನು ನಿಮ್ಮನ್ನು ವಾಪಸ್ ಸರಿದಾರಿಗೆ ಕರೆದುಕೊಂಡು ಬರುತ್ತೇನೆ.

ಎಷ್ಟು ಒಳ್ಳೆಯ ನಿಯಮ! ಆ ಮೈದಾನದ ಬೇಲಿಯಾಚೆ ಅದು ನಡೆಯುವುದಿಲ್ಲ ಅನ್ನುವುದೊಂದೇ ಕೊರತೆ. ಎರಡನೆಯ ಪರೀಕ್ಷೆಯಲ್ಲೂ ಅದೇ ಕಲ್ಲು, ಅದೇ ಚಕ್ರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಭಾಷೆ ಡೊಂಕು ಅಂದುಕೊಂಡಿದ್ದೆ. ಆ ದಿನ ರೈಲಿನಲ್ಲಿ ಬರುವಾಗ ಡೊಂಕಾಗಿರುವುದು ನಾನೇ ಎಂದು ಒಪ್ಪಿಕೊಂಡೆ. ನನಗೆ ಇದು ಬರುವುದಿಲ್ಲ. ಬಂದರೂ ಹೊರಗಿನ ರಸ್ತೆಯಲ್ಲಿ, ಸೈಕಲ್ಲುಗಳ ನಡುವೆ, ಅಷ್ಟು ದೊಡ್ಡ ಗಾಡಿಯನ್ನು ನನ್ನ ಕೈಗೆ ಕೊಡುವುದು ಧರ್ಮವೂ ಅಲ್ಲ.

ಸೇರಿದ ದಿನದಿಂದ ಒಂಬತ್ತು ತಿಂಗಳೊಳಗೆ ಮುಗಿಸದಿದ್ದರೆ ಕಲಿತದ್ದೆಲ್ಲ ರದ್ದು ಎಂಬುದು ಶಾಲೆಗಳ ನಿಯಮ. ಶುರುವಿನಲ್ಲಿ ಹೆಂಡತಿ, ‘ಮಗೂನೇ ಒಂಬತ್ತು ತಿಂಗಳಲ್ಲಿ ಆಗುತ್ತೆ, ನಿಮ್ಮ ಲೈಸೆನ್ಸ್ ಆಗಲ್ವಾ?’ ಎಂದು ಕೆಣಕುತ್ತಿದ್ದಳು. ಎರಡನೆಯ ಸಲ ಫೇಲಾಗಿ ಬಂದಾಗ ಹೊಸ ಕುಚೋದ್ಯ ಕೇಳಲು ಸಿದ್ಧನಾಗಿ ಬಾಗಿಲು ತೆರೆದೆ. ಅವಳು ‘ಹೌದಾ, ಊಟ ಮಾಡಿ’ ಅಂದಳು. ಆಗ ನನಗೆ ನಿಜವಾಗಿ ಭಯವಾಯಿತು.

ಬಿಟ್ಟುಬಿಡಬೇಕು ಅಂತ ಆಗಲೇ ಅನ್ನಿಸಿತ್ತು, ಆದರೆ ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಬಿಟ್ಟರೆ ಆ ತಣ್ಣನೆಯ ಕೋಣೆಯಲ್ಲಿ ಅವಳೇ ನಿಂತಿರಬೇಕು, ಮುದುಕಿಯಾಗುವ ತನಕ. ಹಾಗಾಗಿ ಬಿಡು ಎಂದು ಅವಳೇ ಹೇಳಲಿ ಎಂದು ಕಾಯುತ್ತಿದ್ದೆ. ನಾಚಿಕೆಗೇಡು, ಆದರೆ ನಿಜ.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತ ಅವಳು ಹೇಳಿಯೇಬಿಟ್ಟಳು. ‘ರೀ, ಕ್ಲಾಸ್ ಬಿಟ್ಬಿಡಿ. ಪರವಾಗಿಲ್ಲ. ನಾನು ಸಂಜೆ ಶಿಫ್ಟಿಗೂ ಹ್ಞೂಂ ಅಂದುಬಿಟ್ಟಿದೀನಿ.’

‘ನನ್ನನ್ನ ಒಂದ್ ಮಾತು ಕೇಳ್ದೇನಾ?’

‘ಕೇಳಿದ್ರೆ ಏನ್ ಹೇಳ್ತಿದ್ರಿ?’

ತಿಂಗಳಿಂದ ಕಾದಿದ್ದ ಮಾತು ಬಂದಿತ್ತು, ಬಿಡುಗಡೆ ಮಾತ್ರ ಬರಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿ, ಬೇಸರ ಕೂಡ ಇರಲಿಲ್ಲ. ನನ್ನಿಂದ ಏನೂ ಆಗುವುದಿಲ್ಲ ಎಂಬುದು ಅವಳಿಗೆ ಒಗ್ಗಿಹೋಗಿತ್ತು.

‘ಕೊಡಿ ಕೈ, ಅದನ್ನ ಬಿಚ್ಚಿಬಿಡ್ತೀನಿ. ಬಣ್ಣವೆಲ್ಲ ಹೋಗಿ ಹೇಗಾಗಿದೆ ನೋಡಿ’ ಅಂದಳು.

ಎಡಗೈ ಚಾಚಿದೆ. ಸ್ನಾನದ ನೀರು ಕುಡಿದು ಕುಡಿದು ಗಂಟು ಬಿಗಿದುಕೊಂಡಿತ್ತು. ಅವಳು ಬಗ್ಗಿ ಉಗುರಿನಿಂದ ಕೆದಕಿದಳು. ಬೆರಳ ತುದಿಗಳೆಲ್ಲ ಒಡೆದು ಬಿಳಿಚಿಕೊಂಡಿದ್ದವು. ಗಂಟು ಇದ್ದದ್ದು ಒಂದು ಕಡೆ, ಅವಳ ಬೆರಳು ಹಿಸುಕುತ್ತಿದ್ದದ್ದು ನನ್ನ ಚರ್ಮವನ್ನು. ಅದು ಅವಳಿಗೆ ತಿಳಿಯಲೇ ಇಲ್ಲ. ತುಂಬ ಹೊತ್ತು ಬಿಚ್ಚಲು ನೋಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಒಂದು ಕಾಲದಲ್ಲಿ ಕತ್ತಲಲ್ಲೂ ಮೊಲ್ಲೆಹೂವಿನ ಮಾಲೆ ಕಟ್ಟುತ್ತಿದ್ದವಳು.

‘ಬೆರಳಿಗೆ ಗೊತ್ತೇ ಆಗ್ತಿಲ್ಲ ರೀ, ದಾರ ಎಲ್ಲಿದೆ ಅಂತ’ ಅಂದಳು.

‘ಕತ್ತರಿ ತರ್ಲಾ?’

‘ಬೇಡ. ಅರಿಶಿನದ ದಾರ ಕತ್ತರಿಸಬಾರದು.’

ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಕೈ ಚಾಚಿದಂತೆಯೇ ಕೂತಿದ್ದೆ.

ಮಾರನೆಯ ದಿನ ಅವಳು ತಾಳಿ ಬಟ್ಟಲಲ್ಲಿಟ್ಟು ಹೊರಟ ಮೇಲೆ ನಾನೂ ಶಾಲೆಗೆ ಹೊರಟೆ. ಈಗಲೂ ಹೋಗುತ್ತಿದ್ದೇನೆ. ಸಂಜೆ ಶಿಫ್ಟಿಗೆ ಅವಳು ಹೋಗುವುದು ತಪ್ಪಿಲ್ಲ, ಕಲ್ಲಿನ ಮೇಲೆ ನನ್ನ ಹಿಂಚಕ್ರ ಹತ್ತುವುದೂ ತಪ್ಪಿಲ್ಲ. ಪಾಸಾಗುತ್ತೇನೆಂದು ನಾನು ನಂಬಿಲ್ಲ, ಅವಳೂ ನಂಬಿಲ್ಲ. ಮೇಷ್ಟ್ರು ‘ಹಿದಾರಿ’ ಅಂದಾಗ ಕೈ ನೋಡಿಕೊಳ್ಳುತ್ತೇನೆ, ತಿರುಗಿಸುತ್ತೇನೆ. ಅವಳ ಬೆರಳಿಗೆ ಬಿಚ್ಚಲಾಗದ ಗಂಟನ್ನು ನಾನಾಗಿ ಹೇಗೆ ಬಿಚ್ಚಿಕೊಳ್ಳಲಿ?