ಪಾಷಾಣದ ಪೊಟ್ಟಣ ಕಳೆದ ದಿನ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದಿನಕ್ಕೊಂದು ಹುಡುಕಾಟ ನಡೆಯುತ್ತಿತ್ತು. ಅಪ್ಪ ಇಟ್ಟ ವಸ್ತು ಇಟ್ಟಲ್ಲಿ ಸಿಕ್ಕಿದ್ದೇ ಕಡಿಮೆ. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಗುತ್ತಿತ್ತು, ಕಾಫಿ ಗಿಡ ಸವರುವ ಕತ್ತರಿ ಕೊಟ್ಟಿಗೆಯಲ್ಲಿ. ಅಮ್ಮ ಗೊಣಗುತ್ತಿದ್ದಳು, ಅಕ್ಕನೂ ನಾನೂ ನಗುತ್ತಿದ್ದೆವು. ಆ ನಗು ಒಂದು ಭಾನುವಾರ ನಿಂತುಹೋಯಿತು.

ಗೋಣಿಬೀಡಿನಿಂದ ಎರಡು ಮೈಲಿ ದೂರದಲ್ಲಿ ನಮ್ಮ ಸಣ್ಣ ತೋಟ. ಕಾಫಿ ಹೂ ಬಿಟ್ಟ ಸಮಯ, ಬೆಟ್ಟವೆಲ್ಲ ಬೆಳ್ಳಗಾಗಿತ್ತು. ಆ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ತಲೆ ಭಾರವಾಗುತ್ತಿತ್ತು. ಅಮ್ಮ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಒಂದನ್ನು ತಿಂದು ಎರಡನೆಯದಕ್ಕೆ ಕೈಹಾಕಿದ್ದೆ. ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಈ ಹಿಟ್ಟು ಯಾವ ಪೊಟ್ಟಣದ್ದು?"

"ನಿನ್ನೆ ನೀವೇ ತಂದಿದ್ದಲ್ವಾ? ಯಾಕೆ?" ಎಂದಳು ಅಮ್ಮ.

"ಇಲಿಗೆ ಅಂತ ಪಾಷಾಣನೂ ತಂದಿದ್ದೆ ಮಾರಾಯ್ತಿ. ಹಿಟ್ಟಲ್ಲೇ ಬೆರೆಸಿ ಕೊಟ್ಟಿದ್ರು, ಅದನ್ನೂ ಪೇಪರಲ್ಲೇ ಕಟ್ಟಿದ್ರು. ಸಂಜೆಯಿಂದ ಕಾಣ್ತಿಲ್ಲ."

"ಸಂಜೆಯಿಂದ? ಆಗ್ಲೇ ಯಾಕೆ ಹೇಳ್ಲಿಲ್ಲ?"

"ಮತ್ತೆ ಕಳ್ಕೊಂಡ್ರಾ ಅಂತ ಬೈತೀಯ ಅಂತ..."

ಅಮ್ಮ ಹಿಟ್ಟಿನ ಡಬ್ಬವನ್ನೇ ದಿಟ್ಟಿಸಿದಳು. ಸಂಜೆಯ ಮಬ್ಬಿನಲ್ಲಿ ಚೀಲದಲ್ಲಿದ್ದ ಹಿಟ್ಟನ್ನು ಅದಕ್ಕೆ ಸುರಿದಿದ್ದಳು. ಒಂದು ಪೊಟ್ಟಣವೋ ಎರಡೋ, ಅವಳಿಗೆ ನೆನಪಾಗಲಿಲ್ಲ. ಆಮೇಲೆ ಅಪ್ಪ, ಅಮ್ಮ, ಅಕ್ಕ ಮೂವರೂ ನನ್ನ ಕಡೆ ತಿರುಗಿದರು. ಆ ನೋಟಕ್ಕೇ ನನ್ನ ಕೈಯಲ್ಲಿದ್ದ ರೊಟ್ಟಿ ಜಾರಿತು.

ಅಮ್ಮ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಿದಳು. ಹೂ ತುಂಬಿದ ಗಿಡದ ಬುಡದಲ್ಲಿ ನಾನು ಕಾರಿಕೊಂಡೆ. ಇವತ್ತಿಗೂ ಆ ಹೂವಿನ ವಾಸನೆ ಬಂದರೆ ನಾನು ಕಿಟಕಿ ಮುಚ್ಚುತ್ತೇನೆ. ಉಳಿದ ರೊಟ್ಟಿಗೆ ಕೋಳಿ ಬಾಯಿ ಹಾಕದಂತೆ ಅಕ್ಕ ಕೋಲು ಹಿಡಿದು ಕುಳಿತಳು. ಅಪ್ಪ ನನ್ನನ್ನು ಹೊತ್ತು ರಸ್ತೆಗೆ ಓಡಿದ. ಯಾವುದೋ ಎಸ್ಟೇಟಿನ ಜೀಪು ನಮ್ಮನ್ನು ಮೂಡಿಗೆರೆಗೆ ಮುಟ್ಟಿಸಿತು.

ಡಾಕ್ಟರು ಸಂಜೆಯವರೆಗೆ ಮಲಗಿಸಿಕೊಂಡರು. "ಹೊಟ್ಟೆ ಉರೀತಿದೆಯಾ ಪುಟ್ಟಾ?" ಎಂದು ಮತ್ತೆ ಮತ್ತೆ ಬಂದು ಕೇಳುತ್ತಿದ್ದರು. ಕೇಳಿದಾಗಲೆಲ್ಲ ಉರಿಯುತ್ತಿದೆ ಅನಿಸುತ್ತಿತ್ತು. ಅಪ್ಪ ಮಂಚದ ಕಂಬಿ ಹಿಡಿದು ನಿಂತವನು ಕೂರಲೇ ಇಲ್ಲ. ಕೊನೆಗೆ ಡಾಕ್ಟರು, "ಆಗೋದಾಗಿದ್ರೆ ಇಷ್ಟು ಹೊತ್ತಿಗೆ ಆಗ್ತಿತ್ತು. ಮನೆಗೆ ಕರ್ಕೊಂಡು ಹೋಗಿ" ಎಂದರು.

ಬಸ್ಸಿಳಿದು ಕಾಲುದಾರಿ ಹಿಡಿದೆವು. ಹಳ್ಳ ದಾಟುವ ಮರದ ಸಂಕದ ಹತ್ತಿರ ಅಪ್ಪ ತಟ್ಟನೆ ನಿಂತ. ದಾರಿಯಲ್ಲಿ ಮೂರು ಕಾಗೆಗಳು ಸತ್ತು ಬಿದ್ದಿದ್ದವು. ನಾಲ್ಕನೆಯದು ಕೊಕ್ಕು ತೆರೆದುಕೊಂಡು ರೆಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲಿ, ನನ್ನನ್ನು ಹೊತ್ತು ಓಡುವಾಗ ಅಪ್ಪನ ಕಣ್ಣಿಗೆ ಬೀಳದಿದ್ದ ಹರಿದ ಪೇಪರು, ಎಲೆಗಳ ಮೇಲೆ ಬಿಳಿ ಹಿಟ್ಟು. ಪೊಟ್ಟಣ ಮನೆಯೊಳಗೆ ಬಂದೇ ಇರಲಿಲ್ಲ, ಚೀಲದಿಂದ ಜಾರಿ ಅಲ್ಲೇ ಬಿದ್ದಿತ್ತು. ತೋಟದ ಕೆಲಸದವರ ಮಕ್ಕಳೆಲ್ಲ ದಿನವೂ ಆಡುತ್ತಿದ್ದ ಜಾಗ ಅದು.

"ನೀನು ಅಲ್ಲೇ ನಿಲ್ಲು" ಎಂದು ಅಪ್ಪ ಕೂಗಿದ. ಗುಂಡಿ ತೋಡಿ ಮಣ್ಣುಸಮೇತ ಎಲ್ಲವನ್ನೂ ಹೂತ. ಕೈ ತೊಳೆಯಲು ಹಳ್ಳಕ್ಕೆ ಇಳಿಯಲಿಲ್ಲ, ಕೆಳಗೆ ಸಾಲು ಸಾಲಾಗಿದ್ದ ಲೈನ್ ಮನೆಗಳ ಕೆಲಸದವರು ಅದೇ ನೀರು ಕುಡಿಯುತ್ತಿದ್ದರು. ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ಮನೆವರೆಗೆ ನಡೆದ. "ನಿನ್ನೆನೇ ಹೇಳಿದ್ರೆ ನಿನ್ನೆನೇ ಸಿಗ್ತಿತ್ತು" ಎಂದು ಒಂದೇ ಸಲ ಹೇಳಿದ, ನನಗಲ್ಲ.

ಮೊನ್ನೆ ನಾನು ಕೀಲಿಕೈಗೆ ತಡಕಾಡುತ್ತಿದ್ದಾಗ ಮೊಮ್ಮಗಳು ಫೋನು ನೋಡಿ, "ಅಜ್ಜ, ಕಳ್ಕೊಳ್ಳೋದಕ್ಕೆ ಇಂಗ್ಲಿಷಲ್ಲಿ ಅಮಿಶನ್ ಅಂತ ಒಂದು ಪದ ಇದೆ, ಈಗ ಯಾರೂ ಅದನ್ನ ಬಳಸಲ್ವಂತೆ" ಎಂದು ನಕ್ಕಳು. ನಾನೂ ನಕ್ಕೆ. ನಿಮ್ಮ ಕಾಲದಲ್ಲಿ ವಿಷದ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿರುತ್ತದೆ. ಕಳೆದ ಫೋನಿಗೆ ರಿಂಗ್ ಕೊಟ್ಟರೆ ಸೋಫಾದಡಿಯಿಂದ ಓಗೊಡುತ್ತದೆ. ನಮ್ಮ ಕಾಲದಲ್ಲಿ ಕಳೆದ ವಸ್ತು ಯಾರ ಕೈಗೋ ಕಾಯುತ್ತಾ ಸುಮ್ಮನೆ ಬಿದ್ದಿರುತ್ತಿತ್ತು. ಅದಕ್ಕೇ ಮಕ್ಕಳೇ, ಏನಾದರೂ ಕಳೆದರೆ ಆ ಕ್ಷಣವೇ ಬಂದು ಹೇಳಿ. ಬೈಯುವುದೋ ಬಿಡುವುದೋ ಆಮೇಲೆ ನೋಡೋಣ, ಮೊದಲು ಎಲ್ಲರೂ ಸೇರಿ ಹುಡುಕೋಣ.